ಗದ್ದೆಯ ಕಾವಲುಗಾರನಿಗೂ ಆಯ ಬೇಕು



ಹೇಮಾವತಿ ನಾಲೆಯ ಬಯಲಿನಲ್ಲಿ ನಾಟಿ ಮುಗಿಯುತ್ತ ಬಂದಿದೆ. ಹಳೇಕೋಟೆ ಹೋಬಳಿಯಿಂದ ಹಿಡಿದು ಅರಕಲಗೂಡಿನ ಕಡೆಯ ಗದ್ದೆಗಳವರೆಗೆ ಪೈರು ಬೇರು ಕಚ್ಚಿ ಹಸಿರಾಗುವ ದಿನಗಳಿವು. ಇನ್ನು ಹದಿನೈದು ಇಪ್ಪತ್ತು ದಿನ ಕಳೆಯಲಿ, ಯಾರಾದರೊಬ್ಬರು ಬದುವಿನ ಮೇಲೆ ನಿಂತು ನಾಲ್ಕು ಗರಿ ಸುರುಳಿಯಾಗಿರುವುದನ್ನು ಕಂಡು "ಹುಳ ಬಿದ್ದಿದೆ" ಎನ್ನುತ್ತಾರೆ. ಮಾರನೆಯ ಬೆಳಿಗ್ಗೆ ಪೇಟೆಯ ಔಷಧಿ ಅಂಗಡಿ, ಸಂಜೆಗೆ ಬೆನ್ನ ಮೇಲೆ ಸಿಂಪರಣೆಯ ಡಬ್ಬ. ಪಕ್ಕದ ಗದ್ದೆಯವರು ನೋಡುತ್ತಾರೆ, ಅವರೂ ಹೊಡೆಯುತ್ತಾರೆ. ವಾರ ಕಳೆಯುವುದರೊಳಗೆ ಇಡೀ ಬಯಲಿಗೆ ಔಷಧಿ ಬಿದ್ದಿರುತ್ತದೆ.

ಆ ಮೊದಲ ಸಿಂಪರಣೆಯ ವಿಚಾರವಾಗಿಯೇ ಈ ವಾರ ನಿಮ್ಮೊಡನೆ ನಾಲ್ಕು ಮಾತು ಆಡಬೇಕಾಗಿದೆ. ತೆನೆ ಬಾಗುವ ಹೊತ್ತಿಗೆ ಗದ್ದೆಯ ನಡುವೆ ದುಂಡಗೆ, ಬೆಂಕಿ ತಾಗಿದಂತೆ ಪೈರು ಒಣಗುವುದನ್ನು ನೀವು ಕಂಡಿದ್ದೀರಿ. ಆ ನಷ್ಟಕ್ಕೆ ಬಹಳ ಸಲ ಬೀಜ ಬೀಳುವುದು ಈ ಮೊದಲ ಸಿಂಪರಣೆಯ ದಿನವೇ.

ಗದ್ದೆಯೊಂದು ಊರು

ಊರಿನಲ್ಲಿ ಎಲ್ಲ ಬಗೆಯ ಜನ ಇರುವಂತೆ ಗದ್ದೆಯಲ್ಲಿಯೂ ಎಲ್ಲ ಬಗೆಯ ಜೀವಗಳಿವೆ. ಪೈರನ್ನು ತಿನ್ನುವ ಹುಳುಗಳು ಕೆಲವೇ. ಆ ಹುಳುಗಳನ್ನು ತಿನ್ನುವ ಜೀವಗಳು ಹಲವು. ಇವೆರಡಕ್ಕೂ ಸೇರದೆ ಕೊಳೆತ ಕಡ್ಡಿ, ಗೊಬ್ಬರ, ಪಾಚಿಗಳನ್ನು ತಿಂದು ಬದುಕುವ ಸಣ್ಣ ಸೊಳ್ಳೆ, ನೊಣಗಳ ಸಂತೆಯೇ ಬೇರೆ. ಒಂದನ್ನೊಂದು ತಿಂದು ಬದುಕುವ ಈ ಕೊಂಡಿಗಳನ್ನು ಆಹಾರ ಸರಪಳಿ ಎಂದು ಪಠ್ಯಪುಸ್ತಕಗಳಲ್ಲಿ ಬರೆದಿರುತ್ತಾರೆ. ವಾಸ್ತವದಲ್ಲಿ ಅದು ಸರಪಳಿಯಲ್ಲ, ಬಲೆ. ಒಂದು ಜೇಡ ಹತ್ತು ಬಗೆಯ ಹುಳುಗಳನ್ನು ತಿನ್ನುತ್ತದೆ. ಒಂದು ಹುಳುವನ್ನು ಹತ್ತು ಬಗೆಯ ಜೀವಗಳು ತಿನ್ನುತ್ತವೆ. ಒಂದು ಎಳೆ ಕಡಿದರೆ ಬಲೆ ನಿಲ್ಲುತ್ತದೆ. ಒಂದೇ ಸಂಜೆ ನೂರು ಎಳೆ ಕಡಿದರೆ ನಿಲ್ಲುವುದಿಲ್ಲ.

ಭತ್ತದ ಕಂದು ಜಿಗಿಹುಳುವನ್ನೇ ತೆಗೆದುಕೊಳ್ಳಿ. ಪೈರಿನ ಬುಡದಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ನೆರಳಿನಲ್ಲಿ ಕುಳಿತು ರಸ ಹೀರುವ ಸಣ್ಣ ಹುಳು ಇದು. ಒಂದು ಹೆಣ್ಣು ನೂರರಿಂದ ಮುನ್ನೂರರವರೆಗೆ ಮೊಟ್ಟೆ ಇಡುತ್ತದೆ. ಸುಮಾರು ಒಂದು ತಿಂಗಳಿನಲ್ಲಿ ಒಂದು ತಲೆಮಾರು ಮುಗಿಯುತ್ತದೆ. ಈ ಲೆಕ್ಕದಲ್ಲಿ ಅದು ಬೆಳೆಯುತ್ತ ಹೋದರೆ ಒಂದೇ ಹಂಗಾಮಿನಲ್ಲಿ ನಾಡಿನ ಭತ್ತವೆಲ್ಲ ಮುಗಿಯಬೇಕಾಗಿತ್ತು. ಮುಗಿದಿಲ್ಲ. ಏಕೆ?

ಏಕೆಂದರೆ ಅದನ್ನು ತಿನ್ನುವವರಿದ್ದಾರೆ. ಬಲೆ ಕಟ್ಟದೆ ಪೈರಿನ ಬುಡದಲ್ಲಿ ಓಡಾಡಿ ಬೇಟೆಯಾಡುವ ತೋಳಜೇಡ ದಿನಕ್ಕೆ ಐದರಿಂದ ಹದಿನೈದು ಹುಳುಗಳನ್ನು ಮುಗಿಸಬಲ್ಲದು. ಹಸಿರು ಬಣ್ಣದ ಒಂದು ಸಣ್ಣ ತಿಗಣೆ ಜಿಗಿಹುಳುವಿನ ಮೊಟ್ಟೆಗಳನ್ನೇ ಹುಡುಕಿ ಹೀರುತ್ತದೆ. ಕಾಲು ಜಾರಿ ನೀರಿಗೆ ಬಿದ್ದ ಮರಿಗಳನ್ನು ನೀರಿನ ಮೇಲೆ ಓಡಾಡುವ ಇನ್ನೊಂದು ತಿಗಣೆ ಗುಂಪುಗೂಡಿ ತಿನ್ನುತ್ತದೆ. ಮೇಲೆ ಹಾರುವವಕ್ಕೆ ಏರೋಪ್ಲೇನ್ ಚಿಟ್ಟೆ ಇದೆ, ಕೆಳಗೆ ಕಪ್ಪೆ ಇದೆ. ಇವರಲ್ಲಿ ಯಾರಿಗೂ ನೀವು ಕೂಲಿ ಕೊಟ್ಟಿಲ್ಲ. ಅದಕ್ಕೇ ಇವರ ಕೆಲಸ ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಔಷಧಿ ಹೊಡೆದ ಮೇಲೆ ಏನಾಗುತ್ತದೆ

ಸರ್ವನಾಶಕ ಔಷಧಿ ಹೊಡೆದ ಮಾರನೆಯ ದಿನ ಗದ್ದೆಗೆ ಹೋದರೆ ಸತ್ತ ಹುಳುಗಳು ತೇಲುತ್ತಿರುತ್ತವೆ. ಮನಸ್ಸಿಗೆ ಸಮಾಧಾನವಾಗುತ್ತದೆ. ಆದರೆ ಸತ್ತವರು ಯಾರು ಎಂದು ಬಗ್ಗಿ ನೋಡಿದ್ದೀರಾ?

ಜಿಗಿಹುಳು ತನ್ನ ಮೊಟ್ಟೆಗಳನ್ನು ಪೈರಿನ ಕಾಂಡವನ್ನು ಸುತ್ತಿದ ಗರಿಬುಡದ ಒಳಗೆ ಸಿಕ್ಕಿಸಿ ಇಡುತ್ತದೆ. ಮೇಲೆ ಬಿದ್ದ ಔಷಧಿ ಅಲ್ಲಿಗೆ ಸರಿಯಾಗಿ ತಲಪುವುದಿಲ್ಲ. ಜೇಡವಾದರೋ ಗರಿಯಿಂದ ಗರಿಗೆ, ಬುಡದಿಂದ ಬುಡಕ್ಕೆ ಅಲೆಯುವ ಪ್ರಾಣಿ. ಔಷಧಿ ಅದರ ಮೈಗೂ ತಾಗುತ್ತದೆ, ವಿಷ ತಗುಲಿದ ಹುಳುವನ್ನು ತಿಂದಾಗ ಹೊಟ್ಟೆಗೂ ಹೋಗುತ್ತದೆ. ಹೀಗೆ ಕಳ್ಳನಿಗೆ ಒಂದು ಪೆಟ್ಟಾದರೆ ಕಾವಲುಗಾರನಿಗೆ ಎರಡು ಪೆಟ್ಟು. ವಾರ, ಹತ್ತು ದಿನಗಳಲ್ಲಿ ಮೊಟ್ಟೆ ಒಡೆದು ಮರಿಗಳು ಹೊರಬರುವಾಗ ಗದ್ದೆಯಲ್ಲಿ ಅವನ್ನು ತಿನ್ನುವವರೇ ಇರುವುದಿಲ್ಲ. ಜಿಗಿಹುಳು ತಿಂಗಳಿಗೊಂದು ತಲೆಮಾರು ಹೆಚ್ಚಿದರೆ ಜೇಡ ಬೆಳೆದು ಮರಿ ಮಾಡಲು ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಜೊತೆಗೆ ತಿನ್ನಲು ಏನೂ ಇಲ್ಲದ ಗದ್ದೆಗೆ ಜೇಡ ಮರಳಿ ಬರುವುದೂ ಇಲ್ಲ.

ಹೊಡೆದ ಮೇಲೆ ಮೊದಲಿಗಿಂತ ಹೆಚ್ಚಾಗಿ ಹುಳು ಏಳುವ ಈ ಸಂಗತಿಯನ್ನು ವಿಜ್ಞಾನಿಗಳು ಕೀಟಗಳ ಮರುಕಳಿಕೆ ಎನ್ನುತ್ತಾರೆ. ಔಷಧಿ ಕಲಬೆರಕೆಯಾಗಿತ್ತು ಎಂದು ನಾವು ಅಂಗಡಿಯವನನ್ನು ಬೈಯುತ್ತೇವೆ. ಕೆಲವು ಸಲ ಹಾಗೂ ಇರಬಹುದು. ಆದರೆ ಔಷಧಿ ಅಪ್ಪಟವಾಗಿದ್ದರೂ ಹೀಗಾಗುತ್ತದೆ ಎಂಬುದು ತಿಳಿದಿರಲಿ.

ಸಮುದ್ರದಿಂದ ಬಂದ ಪಾಠ

ಈ ನಿಯಮ ಭತ್ತದ ಗದ್ದೆಯಲ್ಲಿ ಮೊದಲು ಕಂಡದ್ದಲ್ಲ. ಇಟಲಿಯ ಪಕ್ಕದ ಏಡ್ರಿಯಾಟಿಕ್ ಸಮುದ್ರದ ಮೀನುಪೇಟೆಗಳಲ್ಲಿ ಕಂಡದ್ದು. 1914ರಿಂದ 1918ರವರೆಗೆ ಮೊದಲನೆಯ ಮಹಾಯುದ್ಧ ನಡೆದಾಗ ಅಲ್ಲಿ ಮೀನುಗಾರಿಕೆ ತಗ್ಗಿತು. ಡಿ'ಅಂಕೋನ ಎಂಬ ಜೀವವಿಜ್ಞಾನಿ ಪೇಟೆಯ ಲೆಕ್ಕಪತ್ರ ತೆಗೆದು ನೋಡಿದಾಗ ಸೋಜಿಗವೊಂದು ಕಂಡಿತು. ಬೇರೆ ಮೀನುಗಳನ್ನು ತಿಂದು ಬದುಕುವ ಶಾರ್ಕಿನಂಥ ಮೀನುಗಳು ಫಿಯೂಮೆ ಬಂದರಿನಲ್ಲಿ 1914ರಲ್ಲಿ ನೂರಕ್ಕೆ 12ರಷ್ಟಿದ್ದವು, 1918ರಲ್ಲಿ 36ರಷ್ಟಾಗಿದ್ದವು. ಬಲೆ ಬೀಸುವುದು ಕಡಿಮೆಯಾದಾಗ ಹೆಚ್ಚಿದ್ದು ತಿನ್ನುವ ಮೀನಿನ ಪಾಲು, ತಿನ್ನಿಸಿಕೊಳ್ಳುವ ಮೀನಿನದಲ್ಲ.

ಅವನ ಮಾವ ವೋಲ್ಟೆರಾ ದೊಡ್ಡ ಗಣಿತಜ್ಞ. ಈ ಸೋಜಿಗಕ್ಕೆ ಅವನು ಲೆಕ್ಕ ಕಟ್ಟಿ 1926ರಲ್ಲಿ ಪ್ರಕಟಿಸಿದ. ಲೆಕ್ಕ ಕಠಿಣವಾದರೂ ಸಾರ ಸುಲಭ. ತಿನ್ನುವವನನ್ನೂ ತಿನ್ನಿಸಿಕೊಳ್ಳುವವನನ್ನೂ ಒಂದೇ ಬಲೆಯಲ್ಲಿ ಬಾಚುತ್ತ ಹೋದರೆ, ಸರಾಸರಿಯಲ್ಲಿ ಲಾಭವಾಗುವುದು ತಿನ್ನಿಸಿಕೊಳ್ಳುವವನಿಗೆ. ನಷ್ಟವಾಗುವುದು ತಿನ್ನುವವನಿಗೆ. ಸಮುದ್ರದಲ್ಲಿ ಬಲೆ ಮಾಡುವ ಕೆಲಸವನ್ನು ನಮ್ಮ ಗದ್ದೆಯಲ್ಲಿ ಸರ್ವನಾಶಕ ಔಷಧಿ ಮಾಡುತ್ತದೆ. ನಾವು ಯಾರನ್ನು ಕೊಲ್ಲಬೇಕೆಂದು ಹಣ ತೆತ್ತೆವೋ ಅವನಿಗೇ ಅನುಕೂಲ ಮಾಡಿಕೊಟ್ಟು ಬರುತ್ತೇವೆ.

ಇಂಡೋನೇಷ್ಯಾ ಕಲಿತದ್ದು

ಒಂದು ಇಡೀ ದೇಶ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. ಇಂಡೋನೇಷ್ಯಾ 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಸರ್ಕಾರ ದೊಡ್ಡ ಸಹಾಯಧನ ಕೊಟ್ಟು ಕೀಟನಾಶಕಗಳನ್ನು ಅಗ್ಗವಾಗಿ ಹಂಚುತ್ತಿತ್ತು, ರೈತರು ತಪ್ಪದೆ ಹೊಡೆಯುತ್ತಿದ್ದರು. ಹೊಡೆದಷ್ಟೂ ಕಂದು ಜಿಗಿಹುಳು ಎದ್ದಿತು. 1986ರ ಹೊತ್ತಿಗೆ ಜಾವಾ ದ್ವೀಪದ ಗದ್ದೆಗಳಲ್ಲಿ ಹಾವಳಿ ಮಿತಿಮೀರಿತು. ಆ ವರ್ಷ ಅಲ್ಲಿನ ಅಧ್ಯಕ್ಷರು ಒಂದೇ ಆಜ್ಞೆಯಿಂದ ಭತ್ತದ ಮೇಲೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿದರು. ಮುಂದಿನ ಎರಡು ಮೂರು ವರ್ಷಗಳಲ್ಲಿ ಸಹಾಯಧನವೂ ನಿಂತಿತು. ಇಳುವರಿ ಕುಸಿಯಲಿಲ್ಲ. ರೈತರನ್ನು ಗದ್ದೆಯಲ್ಲೇ ಗುಂಪು ಕೂರಿಸಿ, ಹುಳು ಯಾವುದು, ಅದನ್ನು ತಿನ್ನುವ ಜೀವ ಯಾವುದು ಎಂದು ತೋರಿಸಿಕೊಡುವ ಪಾಠಶಾಲೆಗಳು ಅಲ್ಲಿ ಹುಟ್ಟಿದವು.

ನಮ್ಮ ನೆರೆಯಲ್ಲೂ ಇದೇ ಹುಳು ಕಡಿಮೆ ಪೆಟ್ಟು ಕೊಟ್ಟಿಲ್ಲ. 1973-74ರಲ್ಲಿ ಕೇರಳದ ಕುಟ್ಟನಾಡಿನ ಗದ್ದೆಗಳನ್ನು ಅದು ಹಾಳುಗೆಡವಿದ್ದನ್ನು ಹಿರಿಯರು ಕೇಳಿರಬಹುದು.

ಕಾವಲುಗಾರನ ಆಯ

ಇಲ್ಲಿ ನಿಮ್ಮಲ್ಲಿ ಕೆಲವರಿಗೆ ಒಂದು ಪ್ರಶ್ನೆ ಬಂದಿರಬೇಕು. "ಜೇಡವನ್ನು ಉಳಿಸಿ, ಹುಳುವನ್ನು ಮಾತ್ರ ಪೂರ್ತಿ ಕೊಲ್ಲುವ ಔಷಧಿ ಇದ್ದರೆ ಸಾಕಲ್ಲವೇ?" ಸಾಲದು. ಹುಳು ಒಂದೂ ಇಲ್ಲದಿದ್ದರೆ ಜೇಡ ಏನು ತಿನ್ನಬೇಕು?

ಹಿಂದೆ ನಮ್ಮ ಹಳ್ಳಿಗಳಲ್ಲಿ ತೋಟಿ, ತಳವಾರ, ನೀರುಗಂಟಿಗಳಿಗೆ ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಯ ಕೊಡುತ್ತಿದ್ದರು. ವರ್ಷವಿಡೀ ಕಾದವನ ಪಾಲು ಅದು. ಆಯ ಕೊಡದ ಊರಿನಲ್ಲಿ ಕಾವಲು ನಿಲ್ಲುತ್ತಿರಲಿಲ್ಲ. ಗದ್ದೆಯಲ್ಲಿ ಅಲ್ಲಲ್ಲಿ ಕಾಣುವ ನಾಲ್ಕು ಹುಳು, ಸುರುಳಿಯಾದ ಹತ್ತು ಗರಿ, ಅದೇ ನಿಮ್ಮ ಕಾವಲುಗಾರರ ಆಯ. ಗದ್ದೆಯಲ್ಲಿ ಒಂದು ಹುಳುವೂ ಇರಬಾರದು ಎಂಬ ಹಟವೇ ಎಲ್ಲ ತೊಂದರೆಯ ಮೂಲ. ನಾಟಿಯಾದ ಮೊದಲ ನಲವತ್ತು ದಿನಗಳಲ್ಲಿ ಗರಿ ತಿನ್ನುವ ಹುಳು ಮಾಡುವ ಅಲ್ಪಸ್ವಲ್ಪ ಹಾನಿಯನ್ನು ಪೈರು ಹೊಸ ತೆಂಡೆ ಒಡೆದು ತುಂಬಿಕೊಳ್ಳುತ್ತದೆ. ವಿಯೆಟ್ನಾಮಿನ ಮೆಕಾಂಗ್ ಬಯಲಿನಲ್ಲಿ 1990ರ ದಶಕದಲ್ಲಿ ಮೊದಲ ನಲವತ್ತು ದಿನ ಔಷಧಿ ಹೊಡೆಯಬೇಡಿ ಎಂದೇ ಪ್ರಚಾರ ನಡೆಯಿತು. ಅಲ್ಲಿನ ರೈತರು ಸಿಂಪರಣೆ ತಗ್ಗಿಸಿದರು, ಬೆಳೆ ತಗ್ಗಲಿಲ್ಲ.

ಇನ್ನೊಂದು ಸಂಗತಿ. ಹಂಗಾಮಿನ ಆರಂಭದಲ್ಲಿ ಜಿಗಿಹುಳು ಇನ್ನೂ ಬಂದಿರುವುದಿಲ್ಲ. ಆಗ ಜೇಡಗಳು ಬದುಕುವುದು ಮೊದಲೇ ಹೇಳಿದ ಸೊಳ್ಳೆ, ನೊಣಗಳ ಮೇಲೆ. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ಬಿದ್ದ ಗದ್ದೆಯಲ್ಲಿ ಈ ಸಣ್ಣ ಜೀವಗಳು ಹೆಚ್ಚು. ಆದ್ದರಿಂದ ಜೇಡವೂ ಬೇಗ ನೆಲೆಯೂರುತ್ತದೆ. ಗೊಬ್ಬರ ಪೈರಿಗೆ ಮಾತ್ರವಲ್ಲ, ಕಾವಲುಗಾರನಿಗೂ ಊಟ. ಯೂರಿಯಾದ ಗುಣ ಬೇರೆ. ಮಿತಿಮೀರಿ ಸುರಿದ ಯೂರಿಯಾದಿಂದ ಪೈರು ಎಳಸಾಗಿ ದಟ್ಟವಾಗುತ್ತದೆ, ಅದು ಜಿಗಿಹುಳುವಿಗೆ ಹಬ್ಬದೂಟ.

ಅಡಗಲು ಜಾಗ ಇರಬೇಕು

ತಿನ್ನುವವನು ಅತಿಯಾಗಿ ತಿಂದರೂ ಬಲೆ ಹರಿಯುತ್ತದೆ. ಕ್ಯಾಲಿಫೋರ್ನಿಯಾದ ಹಫೇಕರ್ ಎಂಬ ಕೀಟಶಾಸ್ತ್ರಜ್ಞ 1958ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಕಿತ್ತಲೆ ಹಣ್ಣುಗಳ ಮೇಲೆ ರಸ ಹೀರುವ ನುಸಿಯನ್ನೂ ಅದನ್ನು ತಿನ್ನುವ ನುಸಿಯನ್ನೂ ಅವನು ಬಿಟ್ಟ. ಹಣ್ಣುಗಳನ್ನು ಒತ್ತಾಗಿ ಇಟ್ಟಾಗ ತಿನ್ನುವ ನುಸಿ ಎಲ್ಲವನ್ನೂ ತಿಂದು ಮುಗಿಸಿ ಕೊನೆಗೆ ತಾನೂ ಹಸಿದು ಸತ್ತಿತು. ಹಣ್ಣುಗಳನ್ನು ಹರಡಿ, ನಡುವೆ ಅಡೆತಡೆ ಮಾಡಿ, ಓಡಿ ಅಡಗಲು ಅವಕಾಶ ಕೊಟ್ಟಾಗ ಎರಡೂ ಬಹುಕಾಲ ಉಳಿದವು. ಒಮ್ಮೆ ಇದು ಹೆಚ್ಚು, ಒಮ್ಮೆ ಅದು ಹೆಚ್ಚು, ಎರಡೂ ಮಿತಿಯಲ್ಲಿ. ಪ್ರಕೃತಿಯ ಸಮತೋಲ ಎಂದರೆ ತಕ್ಕಡಿ ಅಲುಗಾಡದೆ ನಿಲ್ಲುವುದಲ್ಲ, ಅಲುಗಾಡುತ್ತಲೇ ಮಗುಚದೆ ಇರುವುದು.

ಅದಕ್ಕೇ ಬದುವನ್ನು ಪೂರ್ತಿ ಕೆತ್ತಿ ಬೋಳು ಮಾಡಬೇಡಿ, ಕಳೆನಾಶಕ ಹೊಡೆದು ಸುಡಬೇಡಿ ಎಂದು ಹೇಳುವುದು. ಗದ್ದೆಗೆ ಉಳುಮೆ ಬಿದ್ದಾಗ, ಕಟಾವಾದಾಗ ಜೇಡ, ಕಪ್ಪೆಗಳು ಓಡಿ ಸೇರುವುದು ಬದುವಿಗೆ. ಬದುವಿನಲ್ಲಿ ಅಲಸಂದೆ, ಉದ್ದು ಹಾಕಿದರೆ ನಿಮಗೂ ಕಾಳಾಯಿತು, ಹುಳುಗಳ ಮೇಲೆ ಮೊಟ್ಟೆಯಿಡುವ ಸಣ್ಣ ಕಣಜಗಳಿಗೂ ಆಸರೆಯಾಯಿತು.

ತೆಂಗಿನ ತೋಟ, ಕಬ್ಬಿನ ಗದ್ದೆ

ಚನ್ನರಾಯಪಟ್ಟಣದ ಕಡೆಯ ತೆಂಗು ಬೆಳೆಗಾರರಿಗೂ ಇದೇ ಮಾತು. ಗರಿಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಮೊಟ್ಟೆಯಿಡುವ ಬಿಳಿನೊಣ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿಯಲ್ಲಿ. ಬೇಗನೆ ಕರ್ನಾಟಕಕ್ಕೂ ಹಬ್ಬಿತು. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ತೋಟವೇ ಮಸಿ ಬಳಿದಂತಾದಾಗ ಯಾರಿಗಾದರೂ ಎದೆ ಒಡೆಯುತ್ತದೆ. ಆದರೂ ವಿಜ್ಞಾನಿಗಳು ಹೇಳಿದ್ದು ಒಂದೇ: ರಾಸಾಯನಿಕ ಹೊಡೆಯಬೇಡಿ. ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದಲೇ ತಿಂದು ಮುಗಿಸುವ ಎನ್ಕಾರ್ಸಿಯಾ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ ಹಿಂದೆಯೇ ಬಂದಿತ್ತು. ಔಷಧಿ ಬೀಳದ ತೋಟಗಳಲ್ಲಿ ಅದು ತಾನಾಗಿ ಹೆಚ್ಚಿತು. ಕಣಜ ಇರುವ ಗರಿಯ ತುಂಡುಗಳನ್ನು ಕತ್ತರಿಸಿ ಹೊಸ ತೋಟಕ್ಕೆ ಕಟ್ಟುವ ಉಪಾಯವೂ ಬಂತು. ಆ ಕಪ್ಪು ಬೂಷ್ಟನ್ನೇ ತಿನ್ನುವ ಒಂದು ದುಂಬಿಯನ್ನು ಕೇರಳದ ತೋಟಗಳಲ್ಲಿ ಗುರುತಿಸಿದ್ದಾರೆ. ಬಲೆಯಲ್ಲಿ ಎಷ್ಟು ಎಳೆಗಳಿವೆ ನೋಡಿ.

ಕಬ್ಬಿನವರಿಗೆ ಬಿಳಿ ಉಣ್ಣೆ ಹೇನಿನ ನೆನಪಿರಬೇಕು. 2002ರಲ್ಲಿ ಮಹಾರಾಷ್ಟ್ರದಲ್ಲಿಯೂ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಗಳಲ್ಲಿಯೂ ಅದು ಎದ್ದಾಗ ಹೊಡೆಯದ ಔಷಧಿ ಇರಲಿಲ್ಲ. ಕೊನೆಗೆ ಅದನ್ನು ಹತೋಟಿಗೆ ತಂದವರಲ್ಲಿ ಮುಖ್ಯರು ಡೈಫಾ ಎಂಬ ಚಿಟ್ಟೆಯ ಮರಿಹುಳುವೂ ಮೈಕ್ರೋಮಸ್ ಎಂಬ ಕೀಟವೂ. ಆಗ ಡೈಫಾ ಇರುವ ಸೋಗೆಯನ್ನು ಊರಿಂದೂರಿಗೆ ಒಯ್ದು ಗದ್ದೆಗೆ ಬಿಟ್ಟರು.

ಕಪ್ಪೆ, ಕೇರೆ, ಗೂಬೆ

ಬಲೆಯ ದೊಡ್ಡ ಎಳೆಗಳನ್ನೂ ಮರೆಯಬಾರದು. 1980ರ ದಶಕದ ಆರಂಭದಲ್ಲಿ ನಮ್ಮ ದೇಶದಿಂದ ವರ್ಷಕ್ಕೆ ಸಾವಿರಾರು ಟನ್ ಕಪ್ಪೆಕಾಲು ಹೊರದೇಶಗಳಿಗೆ ಹೋಗುತ್ತಿತ್ತು. ಗದ್ದೆಯ ಕಪ್ಪೆ ಖಾಲಿಯಾದರೆ ಹುಳು ಹೆಚ್ಚುತ್ತದೆ ಎಂಬ ಕೂಗು ಎದ್ದು 1987ರಲ್ಲಿ ಸರ್ಕಾರ ಆ ರಫ್ತನ್ನೇ ನಿಲ್ಲಿಸಿತು. ಇಲಿ ಹೆಚ್ಚಾಯಿತೆಂದು ಗೋಳಾಡುವ ನಾವೇ ಕೇರೆ ಹಾವನ್ನು ಕಂಡರೆ ದೊಣ್ಣೆ ಹುಡುಕುತ್ತೇವೆ. ಕೇರೆಗೆ ವಿಷವಿಲ್ಲ, ಅದರ ಊಟವೇ ಇಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯೂ ಅದಕ್ಕಿದೆ. ಗೂಬೆ ಕೂಗಿದರೆ ಅಪಶಕುನ ಎನ್ನುವವರು, ಗೂಬೆ ಕೂಗದ ಬಯಲಿನಲ್ಲಿ ಇಲಿ ಎಷ್ಟು ತೆನೆ ಕಡಿಯುತ್ತದೆಂಬ ಲೆಕ್ಕವನ್ನೂ ಹಾಕಬೇಕು. ಗದ್ದೆಯಲ್ಲಿ ಅಲ್ಲಲ್ಲಿ ಅಡ್ಡಕೋಲು ಕಟ್ಟಿದ ಗೂಟ ನೆಟ್ಟರೆ ಹಗಲು ಕಾಜಾಣ, ರಾತ್ರಿ ಗೂಬೆ ಬಂದು ಕೂರುತ್ತವೆ. ಭತ್ತ ಹಾಲು ತುಂಬುವ ಹೊತ್ತಿಗೆ ಮಾತ್ರ ಅವನ್ನು ಕಿತ್ತುಬಿಡಿ, ಕಾಳು ತಿನ್ನುವ ಹಕ್ಕಿಗಳಿಗೆ ಅದೇ ಆಸನವಾಗಬಾರದು.

ಹಾಗಾದರೆ ಔಷಧಿಯೇ ಬೇಡವೇ?

ಹಾಗೆಂದು ಈ ಪುಟ ಹೇಳುತ್ತಿಲ್ಲ. ತಿನ್ನುವವನು ಯಾವಾಗಲೂ ಒಂದು ಹೆಜ್ಜೆ ಹಿಂದೆ. ಹುಳು ಹೆಚ್ಚಿದ ಮೇಲಷ್ಟೇ ಅವನು ಹೆಚ್ಚುವುದು. ಉದ್ದ ರೆಕ್ಕೆಯ ಜಿಗಿಹುಳುಗಳು ಗಾಳಿಯಲ್ಲಿ ಹಾರಿ ಬಂದು ಒಮ್ಮೆಗೇ ಇಳಿದರೆ ಜೇಡಗಳಷ್ಟೇ ತಡೆಯಲಾರವು. ಸಾಲ ಮಾಡಿ ಬೆಳೆ ಇಟ್ಟವನಿಗೆ "ಪ್ರಕೃತಿ ನೋಡಿಕೊಳ್ಳುತ್ತದೆ, ಸುಮ್ಮನಿರು" ಎಂದು ಹೇಳುವುದು ಸುಲಭ, ನಷ್ಟ ಹೊರುವವನು ಅವನು. ಆದ್ದರಿಂದ ಸುಮ್ಮನಿರಬೇಡಿ, ಎಣಿಸಿ.

ವಾರಕ್ಕೊಮ್ಮೆ ಬೆಳಿಗ್ಗೆ ಗದ್ದೆಗೆ ಇಳಿಯಿರಿ. ಬದುವಿನ ಮೇಲಿಂದ ನೋಡಿದರೆ ಜಿಗಿಹುಳು ಕಾಣದು. ಮೂಲೆಯಿಂದ ಮೂಲೆಗೆ ನಡೆಯುತ್ತ ಹತ್ತು ಕಡೆ ಪೈರನ್ನು ಬಾಗಿಸಿ ಬುಡ ತಟ್ಟಿ. ಹುಳು ಎಷ್ಟು, ಜೇಡ ಎಷ್ಟು ಎಂದು ಎರಡನ್ನೂ ಬರೆದುಕೊಳ್ಳಿ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಲೆಕ್ಕ ನೆನಪಿಡಲು ಸುಲಭವಾಗಿದೆ. ಜೇಡವಿಲ್ಲದ ಗದ್ದೆಯಲ್ಲಿ ತೆಂಡೆಗೆ ಒಂದು ಜಿಗಿಹುಳು ಕಂಡರೆ ಕ್ರಮ ಕೈಗೊಳ್ಳಬೇಕು. ಬುಡಕ್ಕೊಂದು ಜೇಡವಿದ್ದರೆ ತೆಂಡೆಗೆ ಎರಡು ಆಗುವವರೆಗೂ ತಡೆಯಬಹುದು. ಅಂದರೆ ಬುಡಕ್ಕೊಂದು ಜೇಡ ನಿಮ್ಮ ಗದ್ದೆಯ ತಾಳಿಕೆಯನ್ನು ಇಮ್ಮಡಿ ಮಾಡುತ್ತದೆ.

ಹುಳು ಏರುತ್ತಿದೆ ಎಂದು ಕಂಡರೆ ಮೊದಲು ಗದ್ದೆಯ ನೀರು ಬಸಿದು ಮೂರು ನಾಲ್ಕು ದಿನ ಆರಲು ಬಿಡಿ. ಯೂರಿಯಾ ಕೊಡುವುದಿದ್ದರೆ ತಡೆಯಿರಿ, ಮುಂದೆ ಕೊಡುವಾಗಲೂ ಕಂತು ಕಂತಾಗಿ ಕೊಡಿ. ಮುಂದಿನ ನಾಟಿಯಲ್ಲಿ ಎರಡು ಮೂರು ಮೀಟರಿಗೊಂದರಂತೆ ಒಂದು ಅಡಿಯ ಓಣಿ ಬಿಡಿ, ಬುಡಕ್ಕೆ ಗಾಳಿ ಬೆಳಕು ಆಡಲಿ. ಇಷ್ಟಾದರೂ ಲೆಕ್ಕ ಮೀರಿದರೆ ಔಷಧಿ ಹೊಡೆಯಿರಿ. ಆದರೆ ಯಾವುದನ್ನು, ಎಷ್ಟು ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಹಾಸನದ ಬಳಿ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ. ಬುಪ್ರೊಫೆಜಿನ್‌ನಂತಹ ಔಷಧಿ ಜಿಗಿಹುಳುವಿನ ಮರಿ ಪೊರೆ ಕಳಚುವುದನ್ನು ತಡೆದು ಕೊಲ್ಲುತ್ತದೆ, ಜೇಡಕ್ಕೆ ಅಷ್ಟಾಗಿ ಕೇಡಿಲ್ಲ. ಸಿಂಥೆಟಿಕ್ ಪೈರೆಥ್ರಾಯ್ಡ್ ಜಾತಿಯ ಔಷಧಿಗಳನ್ನು ಭತ್ತಕ್ಕೆ ಹೊಡೆದರೆ ಜಿಗಿಹುಳು ಮರುಕಳಿಸುವುದೇ ಹೆಚ್ಚು. ಹೊಡೆಯುವಾಗ ಗರಿಯ ತುದಿಗಲ್ಲ, ಬುಡಕ್ಕೆ ಬೀಳಬೇಕು. ಹುಳು ಎದ್ದ ತಾವಿಗೆ ಮಾತ್ರ ಸಾಕಾದರೆ ಇಡೀ ಗದ್ದೆಗೆ ಹೊಡೆಯಬೇಡಿ.

ಒಬ್ಬರಿಂದ ಆಗುವ ಕೆಲಸವಲ್ಲ

ಕೊನೆಯ ಮಾತು. ನೀವೊಬ್ಬರೇ ಜೇಡ ಉಳಿಸಿ ಸುತ್ತಲಿನ ಹತ್ತು ಗದ್ದೆಗಳಲ್ಲಿ ಮೊದಲ ವಾರವೇ ಔಷಧಿ ಬಿದ್ದರೆ ಫಲ ಅರ್ಧವೇ. ಜಿಗಿಹುಳುವಿಗೆ ಬದುವಿನ ಗಡಿ ಗೊತ್ತಿಲ್ಲ, ಪಹಣಿ ಯಾರ ಹೆಸರಿನಲ್ಲಿದೆ ಎಂಬುದೂ ಗೊತ್ತಿಲ್ಲ. ಒಂದೇ ತೂಬಿನ ಕೆಳಗಿನ ರೈತರು ನೀರಿನ ಸರದಿಗೆ ಒಟ್ಟಿಗೆ ಕೂತು ಮಾತಾಡುವುದಿಲ್ಲವೇ? ಹಾಗೆಯೇ ಈ ಪುಟ ಓದಿದ ಸಂಜೆ ವಾಚನಾಲಯದ ಜಗಲಿಯಲ್ಲಿ ಕೂತು ಒಂದು ಕಟ್ಟು ಮಾಡಿಕೊಳ್ಳಿ. ನಾಟಿಯಾದ ನಲವತ್ತು ದಿನ ನಮ್ಮ ತೂಬಿನ ಕೆಳಗೆ ಯಾರೂ ಎಣಿಸದೆ ಹೊಡೆಯುವುದಿಲ್ಲ ಎಂದು. ಓದು ಬರುವ ಹುಡುಗರಿಗೆ ಎಣಿಸುವ ಕೆಲಸ ಒಪ್ಪಿಸಿ, ಲೆಕ್ಕವನ್ನು ವಾಚನಾಲಯದ ಗೋಡೆಗೆ ಅಂಟಿಸಿ.

ನಂಬಿಕೆ ಬಾರದವರು ಹತ್ತು ಗುಂಟೆಯಲ್ಲಿ ಮಾತ್ರ ಈ ಹಂಗಾಮು ಪರೀಕ್ಷಿಸಿ ನೋಡಿ. ಕಟಾವಿನ ದಿನ ಎರಡೂ ಕಡೆಯ ಭತ್ತ ಅಳೆಯಿರಿ, ಔಷಧಿ ಅಂಗಡಿಯ ಚೀಟಿಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಲೆಕ್ಕ ಹಾಕಿ. ಅಳೆದ ಮೇಲೆ ಯಾವುದು ಸರಿಯೆಂದು ನೀವೇ ತೀರ್ಮಾನಿಸಿ.